ಹಾಡಿಗೆ ಚೆನ್ನಾಗಿರೋ ಇಯರ್‌ಬಡ್ ಮೀಟಿಂಗ್‌ನಲ್ಲಿ ಮಾತ್ರ ಕೈಕೊಡ್ತಿದೆ, ಏನ್ ಮಾಡೋದು?

ಕುವೆಂಪುನಗರ_ಎಂ_ಬ್ಲಾಕ್

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ವಿಂಡೋಸ್ 11, ಒಳಗೇ ಇರೋ ಬ್ಲೂಟೂತ್. ಇಯರ್‌ಬಡ್ ಡಬ್ಬದ ಮೇಲೆ ಬ್ಲೂಟೂತ್ 5.3 ಅಂತ ಬರೆದಿದೆ. ಹಾಡು, ಯೂಟ್ಯೂಬ್ ಎಲ್ಲ ಸೊಗಸಾಗಿ ಕೇಳ್ಸುತ್ತೆ. ಗೂಗಲ್ ಮೀಟ್ ಅಥವಾ ಟೀಮ್ಸ್ ಕಾಲ್‌ಗೆ ಸೇರಿದ ತಕ್ಷಣ ಸೌಂಡ್ ಮಂಕಾಗಿ, ಎಲ್ಲರೂ ಬಾವಿಯೊಳಗಿಂದ ಮಾತಾಡಿದ ಹಾಗಾಗುತ್ತೆ. ನನ್ನ ಧ್ವನಿ ಬಗ್ಗೆ ಆ ಕಡೆಯವರದ್ದೂ ಅದೇ ದೂರು. ಕಾಲ್ ಮುಗಿದರೆ ಹಾಡು ಮತ್ತೆ ಮೊದಲಿನ ಥರಾನೇ.

ಇದು ಸಾಲದು ಅಂತ ಆಗಾಗ ಮಾತು ತುಂಡು ತುಂಡಾಗುತ್ತೆ. ಸಂಜೆ ಹೊತ್ತು ಜಾಸ್ತಿ, ಕರೆಂಟ್ ಹೋದಾಗ ಇನ್ನೂ ಜಾಸ್ತಿ. ರೂಟರ್‌ಗೆ ಯುಪಿಎಸ್ ಲೈನ್ ಇದೆ, ನಾನು ಕೂರೋ ರೂಮಿನ ಪ್ಲಗ್ ಪಾಯಿಂಟ್‌ಗೆ ಇಲ್ಲ. ರೂಟರ್ ಹಾಲ್‌ನಲ್ಲಿ, ನಾನು ಹಿಂದಿನ ರೂಮಲ್ಲಿ, ನಡುವೆ ಎರಡು ದಪ್ಪ ಗೋಡೆ. ಮೇಜಿನ ಮೇಲೆ ಯುಎಸ್‌ಬಿ ಹಬ್, ಅದಕ್ಕೊಂದು ಹಾರ್ಡ್ ಡಿಸ್ಕ್. ಪೇರ್ ಬಿಡಿಸಿ ಮತ್ತೆ ಪೇರ್ ಮಾಡಿದ್ದಾಯ್ತು, ವಿಂಡೋಸ್ ಅಪ್‌ಡೇಟ್ ಹಾಕಿದ್ದಾಯ್ತು. ಇಯರ್‌ಬಡ್ಡೇ ಬದಲಾಯಿಸಬೇಕಾ, ಇಲ್ಲ ಸೆಟ್ಟಿಂಗ್‌ನಲ್ಲಿ ಏನಾದ್ರೂ ಇದೆಯಾ?

ತರಂಗಾಂತರ

ಈಗಲೇ ದುಡ್ಡು ಖರ್ಚು ಮಾಡಬೇಡಿ. ನಿಮ್ಮದು ಒಂದು ತೊಂದರೆಯಲ್ಲ, ಎರಡು. ಎರಡಕ್ಕೂ ಮದ್ದು ಬೇರೆ ಬೇರೆ. ಕಾಲ್ ಪೂರ್ತಿ ಒಂದೇ ಸಮ ಮಂಕಾಗಿರೋದು ಬ್ಲೂಟೂತ್ ಕೆಲಸ ಮಾಡೋ ರೀತಿಯಿಂದ ಬಂದದ್ದು, ಅದರಲ್ಲಿ ಏನೂ ಕೆಟ್ಟಿಲ್ಲ. ಆಗಾಗ ತುಂಡಾಗೋದು ರೇಡಿಯೊ ಅಥವಾ ನೆಟ್‌ವರ್ಕ್ ತೊಂದರೆ.

ಮಂಕಿನ ವಿಷಯ ಮೊದಲು. ಹಾಡು ಬರೋದು ಎ2ಡಿಪಿ ಅನ್ನೋ ಪ್ರೊಫೈಲ್, ಅಂದ್ರೆ ಬ್ಲೂಟೂತ್‌ನ ಒಂದು ಕೆಲಸದ ಕ್ರಮದ ಮೇಲೆ. ಅದು ಒಮ್ಮುಖ, ಲ್ಯಾಪ್‌ಟಾಪ್‌ನಿಂದ ಕಿವಿಗೆ ಮಾತ್ರ. ಸ್ಟೀರಿಯೊ, ಮಾಮೂಲಿ ಎಸ್‌ಬಿಸಿ ಕೊಡೆಕ್‌ನಲ್ಲೂ (ಕೊಡೆಕ್ ಅಂದ್ರೆ ಸದ್ದನ್ನ ಕುಗ್ಗಿಸಿ ಕಳಿಸೋ ವಿಧಾನ) ಸುಮಾರು 328 ಕೆಬಿಪಿಎಸ್ ತನಕ ಹೋಗುತ್ತೆ. ಅದರಲ್ಲಿ ಮೈಕ್‌ಗೆ ಜಾಗ ಇಲ್ಲ. ಯಾವುದೋ ಆಪ್ ಇಯರ್‌ಬಡ್‌ನ ಮೈಕ್ ತೆರೆದ ಕೂಡಲೇ ವಿಂಡೋಸ್ ಇಡೀ ಸಂಪರ್ಕವನ್ನ ಎಚ್‌ಎಫ್‌ಪಿಗೆ, ಅಂದ್ರೆ ಫೋನ್ ಕರೆಗೆ ಅಂತ ಮಾಡಿದ ಪ್ರೊಫೈಲ್‌ಗೆ ಬದಲಿಸುತ್ತೆ. ಅಲ್ಲಿ ಹೋಗೋ ಬರೋ ಎರಡೂ ದಾರಿ ಮೋನೊ, ತಲಾ 64 ಕೆಬಿಪಿಎಸ್ ಆಸುಪಾಸು. ಹಳೇ ಸಿವಿಎಸ್‌ಡಿ ಕೊಡೆಕ್ ಆದ್ರೆ ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆಯುತ್ತೆ ಅನ್ನೋದು) 8 ಕಿಲೋಹರ್ಟ್ಸ್, ಅಂದ್ರೆ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದೆಲ್ಲ ಕತ್ತರಿ. ‘ಸ’, ‘ಶ’, ‘ಫ’ ಒಂದೇ ಥರ ಕೇಳೋದು ಅದಕ್ಕೇ. ಎಂಎಸ್‌ಬಿಸಿ ಕೊಡೆಕ್ ಇದ್ರೆ 16 ಕಿಲೋಹರ್ಟ್ಸ್, ಮಾತಿಗೆ ಪರವಾಗಿಲ್ಲ. ಎರಡೂ ಕಡೆ ಎಂಎಸ್‌ಬಿಸಿ ಇಲ್ಲದಿದ್ರೆ ಸಿವಿಎಸ್‌ಡಿಗೇ ಇಳಿಯುತ್ತೆ.

ಖಾತ್ರಿ ಬೇಕಾದ್ರೆ ಕಾಲ್ ನಡೀತಿರೋವಾಗ ಒಂದು ಹಾಡು ಹಾಕಿ ನೋಡಿ. ಅದೂ ಮಂಕಾಗಿ, ಎಡ ಬಲ ಭೇದ ಇಲ್ಲದೆ ಬಂದ್ರೆ ನೀವು ಎಚ್‌ಎಫ್‌ಪಿಯಲ್ಲಿದ್ದೀರಿ. ಮೀಟಿಂಗ್‌ನಲ್ಲಿ ಮ್ಯೂಟ್ ಒತ್ತಿದರೂ ಸಾಮಾನ್ಯವಾಗಿ ಇದು ಹೋಗಲ್ಲ, ಯಾಕಂದ್ರೆ ಆಪ್ ಮೈಕ್‌ನ ತೆರೆದೇ ಇಟ್ಟುಕೊಂಡಿರುತ್ತೆ.

ಪರಿಹಾರ: ಕಿವಿಗೆ ಇಯರ್‌ಬಡ್, ಮಾತಿಗೆ ಲ್ಯಾಪ್‌ಟಾಪ್‌ನ ಮೈಕ್. ಸೆಟ್ಟಿಂಗ್ಸ್ > ಸಿಸ್ಟಮ್ > ಸೌಂಡ್‌ಗೆ ಹೋಗಿ ಔಟ್‌ಪುಟ್‌ನಲ್ಲಿ ಇಯರ್‌ಬಡ್ ಆರಿಸಿ, ಇನ್‌ಪುಟ್‌ನಲ್ಲಿ ಮೈಕ್ರೊಫೋನ್ ಅರೇ ಆರಿಸಿ. ಇಷ್ಟಕ್ಕೆ ನಿಲ್ಲಿಸಬೇಡಿ. ವಿಂಡೋಸ್‌ನಲ್ಲಿ ಡೀಫಾಲ್ಟ್ ಡಿವೈಸ್ ಬೇರೆ, ಡೀಫಾಲ್ಟ್ ಕಮ್ಯುನಿಕೇಶನ್ ಡಿವೈಸ್ ಬೇರೆ. ಕಾಲ್ ಮಾಡೋ ಆಪ್‌ಗಳು ಎರಡನೆಯದನ್ನ ಹಿಡಿಯೋದು ಉಂಟು. ಅದೇ ಸೌಂಡ್ ಪುಟದ ತಳದಲ್ಲಿ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿದ್ರೆ ಹಳೇ ಕಿಟಕಿ ತೆರೆಯುತ್ತೆ. ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಲ್ಯಾಪ್‌ಟಾಪ್ ಮೈಕ್ ಮೇಲೆ ರೈಟ್ ಕ್ಲಿಕ್ ಮಾಡಿ ಎರಡನ್ನೂ ಅದಕ್ಕೇ ಕೊಡಿ. ಆಮೇಲೆ ಮೀಟ್, ಟೀಮ್ಸ್ ಒಳಗಿನ ಆಡಿಯೊ ಸೆಟ್ಟಿಂಗ್‌ನಲ್ಲೂ ಡೀಫಾಲ್ಟ್ ಅಂತ ಬಿಡದೆ ಹೆಸರು ನೋಡಿ ಆರಿಸಿ.

ಅಷ್ಟಾದರೂ ಆಪ್ ಹಟ ಹಿಡಿದು ಇಯರ್‌ಬಡ್ ಮೈಕ್‌ಗೇ ಹೋದ್ರೆ: ಸೌಂಡ್ > ಆಲ್ ಸೌಂಡ್ ಡಿವೈಸಸ್ ಒಳಗೆ ಇನ್‌ಪುಟ್ ಪಟ್ಟಿಯಲ್ಲಿರೋ ಇಯರ್‌ಬಡ್ ಒತ್ತಿ, ಡೋಂಟ್ ಅಲೋ ಕೊಡಿ. ಔಟ್‌ಪುಟ್ ಪಟ್ಟಿಯಲ್ಲಿರೋದನ್ನ ಮುಟ್ಟಬೇಡಿ, ಹೆಸರು ಒಂದೇ ಇರುತ್ತೆ, ನೋಡಿಕೊಂಡು. ಇನ್ನು ಮೇಲೆ ಯಾವ ಆಪ್‌ಗೂ ಆ ಮೈಕ್ ಕಾಣೋದೇ ಇಲ್ಲ, ಸಂಪರ್ಕ ಎ2ಡಿಪಿಯಲ್ಲೇ ಉಳಿಯುತ್ತೆ.

ಇದರಲ್ಲೂ ಒಂದು ಕೊರತೆ ಇದೆ. ಎ2ಡಿಪಿ ಸ್ವಲ್ಪ ಸಂಗ್ರಹಿಸಿಕೊಂಡು ನುಡಿಸೋದರಿಂದ ಮಾತು ಹತ್ತಿರ ಹತ್ತಿರ ಕಾಲು ಸೆಕೆಂಡ್ ತಡವಾಗಬಹುದು. ತುಟಿ ಮತ್ತು ಮಾತು ಒಂಚೂರು ಹಿಂದೆ ಮುಂದೆ. ಸಂಗೀತದ ಆನ್‌ಲೈನ್ ಪಾಠಕ್ಕೆ ಇದು ಆಗಿ ಬರಲ್ಲ, ಆಫೀಸ್ ಮೀಟಿಂಗ್‌ಗೆ ಧಾರಾಳ ಸಾಕು.

ಮಂಡ್ಯ_ಹೈದ

ಅಣ್ಣ, ಮೇಲಿನವರು ಹೇಳಿರೋದು ಸರಿಯಾಗೈತೆ. ತುಂಡು ತುಂಡಾಗೋದಕ್ಕೆ ನಂದೊಂದು ಮಾತು. ಮೊದ್ಲು ಕಳ್ಳ ಯಾರು ಅಂತ ಹಿಡೀರಿ, ಆಮೇಲೆ ಸೆಟ್ಟಿಂಗ್ ಕೆದಕೀರಂತೆ.

ಮಾತು ಕಟ್ ಆಗ್ತಿರೋವಾಗ್ಲೇ ಔಟ್‌ಪುಟ್‌ನ ಲ್ಯಾಪ್‌ಟಾಪ್ ಸ್ಪೀಕರ್‌ಗೆ ತಿರುಗಿಸ್ಬುಡಿ. ಸ್ಪೀಕರ್‌ನಲ್ಲೂ ಕಟ್ ಆಯ್ತದಾ? ಹಂಗಾದ್ರೆ ಇಂಟರ್ನೆಟ್ ತಪ್ಪು, ಇಯರ್‌ಬಡ್ ಮ್ಯಾಲೆ ಹಾಕ್ಬೇಡಿ. ಸ್ಪೀಕರ್‌ನಲ್ಲಿ ನೆಟ್ಟಗೆ ಬಂದ್ರೆ ಬ್ಲೂಟೂತ್ ತಪ್ಪು. ಅಷ್ಟೇಯ.

ಇಂಟರ್ನೆಟ್ ಅಂತ ಆದ್ರೆ ಇನ್ನೊಂದು ಮೆಟ್ಟಿಲು. ಕಮಾಂಡ್ ಪ್ರಾಂಪ್ಟ್ ಎರಡು ತೆಗೀರಿ. ಒಂದ್ರಲ್ಲಿ ರೂಟರ್‌ಗೆ ಪಿಂಗ್ (ಉತ್ತರ ಎಷ್ಟು ಹೊತ್ತಿಗೆ ಬತ್ತದೆ ಅಂತ ಅಳೆಯೋ ಕಮಾಂಡು) ಹಾಕಿ, ವಿಳಾಸ ಸಾಮಾನ್ಯಕ್ಕೆ 192.168.1.1 ಇಲ್ಲಾಂದ್ರೆ 192.168.0.1, ರೂಟರ್ ತಳದಲ್ಲಿ ಚೀಟಿ ಅಂಟ್ಸಿರ್ತಾರೆ. ಇನ್ನೊಂದ್ರಲ್ಲಿ 8.8.8.8ಗೆ, ಅದು ಗೂಗಲ್‌ನೋರ್ದು. ಕೊನೇಲಿ ಡ್ಯಾಶ್ ಹಾಕಿ ಟಿ ಸೇರ್ಸಿದ್ರೆ ನಿಲ್ದೆ ಓಡ್ತಾ ಇರ್ತದೆ. ರೂಟರ್‌ಗೆ ಹೋಗಿ ಬರಕ್ಕೆ 2ರಿಂದ 10 ಮಿಲಿಸೆಕೆಂಡ್ ಇದ್ರೆ ಚೆಂದ. ಅದೇ 100, 200 ಅಂತ ನೆಗೆದಾಡ್ತಿದ್ರೆ, ಇಲ್ಲ ಟೈಮ್ಡ್ ಔಟ್ ಅಂತ ಬಂದ್ರೆ ನಿಮ್ಮ ಮನೆ ವೈಫೈನಲ್ಲೇ ತೊಂದ್ರೆ. ರೂಟರ್ ತಂಕ ಚೆನ್ನಾಗಿದ್ದು ಆಚೆಗೆ ಮಾತ್ರ ನೆಗೆದಾಡಿದ್ರೆ ಲೈನ್ ಕೊಟ್ಟಿರೋರ್ನ ಕೇಳಿ.

ಆ ಹಾರ್ಡ್ ಡಿಸ್ಕ್ ಹಬ್ಬು ಲ್ಯಾಪ್‌ಟಾಪ್ ಪಕ್ಕದಲ್ಲೇ ಮಡಗಿದ್ದೀರಾ? ಕಿತ್ತು ನೋಡಿ ಒಂದ್ಸಲ. ಯುಎಸ್‌ಬಿ 3 ಕೇಬಲ್ಲು ಕನೆಕ್ಟರು 2.4 ಗಿಗಾಹರ್ಟ್ಸ್ ಪಟ್ಟೀಲಿ ಗಲಾಟೆ ಎಬ್ಬುಸ್ತವೆ ಅಂತ ಇಂಟೆಲ್‌ನೋರೇ 2012ರಲ್ಲಿ ಬರೆದವ್ರೆ. ಬ್ಲೂಟೂತ್ ಇರೋದೂ ಅದೇ ಪಟ್ಟೀಲೇ. ಹಬ್ಬನ್ನ ಒಂದು ಮೊಳ ದೂರ ತಳ್ಳಿ, ಕೇಬಲ್ ಒಸಿ ದಪ್ಪಂದು, ಒಳ್ಳೇ ಶೀಲ್ಡ್ ಇರೋದು ತಕಳಿ.

ಫೋನ್‌ನ ಬ್ಲೂಟೂತ್ ಆಫ್ ಮಾಡ್ಕಂಡು ಕೂತ್ಕಳಿ. ಒಂದೇ ಟೈಮಲ್ಲಿ ಎರಡಕ್ಕೆ ಅಂಟ್ಕೊಳೋ ಇಯರ್‌ಬಡ್ ಆದ್ರೆ, ಫೋನ್‌ಗೆ ಒಂದು ಮೆಸೇಜ್ ಟಿಂಗ್ ಅಂದ್ರೂ ಅತ್ಲಾಗೆ ಓಡೋಗಿ ಬತ್ತದೆ.

ತರಂಗಾಂತರ

ಹೈದ ಹೇಳಿದ ಸ್ಪೀಕರ್ ಪರೀಕ್ಷೆ ಮೊದಲು ಮಾಡಿ, ಅದು ಬಿಟ್ಟು ಬೇರೆ ಏನೂ ಬೇಡ. ಬ್ಲೂಟೂತ್ ಅಂತಾದ್ರೆ ಮುಂದಿನದು ಇದು.

ಹಾಡಿಗೆ ತೊಂದರೆ ಇಲ್ಲ, ಕಾಲ್‌ಗೆ ಮಾತ್ರ ಕಡಿತ ಅನ್ನೋದಕ್ಕೆ ಕಾರಣ ಇದೆ. ಹಾಡಿನ ಪ್ಯಾಕೆಟ್ ದಾರಿಯಲ್ಲಿ ಕೆಟ್ಟರೆ ಲ್ಯಾಪ್‌ಟಾಪ್ ಮತ್ತೆ ಕಳಿಸುತ್ತೆ, ಇಯರ್‌ಬಡ್ ಹತ್ರ ಅಷ್ಟು ಹೊತ್ತಿಗೆ ಸಾಕಾಗೋ ದಾಸ್ತಾನು ಇರುತ್ತೆ, ನಮಗೆ ಗೊತ್ತೇ ಆಗಲ್ಲ. ಕರೆಯ ಪ್ಯಾಕೆಟ್‌ಗೆ ಆ ಪುರುಸೊತ್ತಿಲ್ಲ. ನಿಗದಿಯಾದ ಕ್ಷಣಕ್ಕೆ ಅದು ಬರಬೇಕು, ಬರದಿದ್ರೆ ಮತ್ತೆ ಕಳಿಸೋಕೆ ಒಂದೆರಡು ಅವಕಾಶ ಅಷ್ಟೆ, ಆಮೇಲೆ ಕೈಬಿಟ್ಟು ಮುಂದಿನದಕ್ಕೆ ಹೋಗುತ್ತೆ. ಆ ತುಣುಕು ಹೋಯ್ತು ಅಂತಲೇ ಲೆಕ್ಕ. ಹಾಗಾಗಿ ಮೈಕ್ ಬದಲಿಸಿ ಎ2ಡಿಪಿಯಲ್ಲಿ ಉಳಿದರೆ ಮಂಕಿನ ಜೊತೆ ಕಡಿತವೂ ಒಂದಿಷ್ಟು ತಗ್ಗುತ್ತೆ.

ಇನ್ನು 2.4 ಗಿಗಾಹರ್ಟ್ಸ್ ಪಟ್ಟಿ. ಬ್ಲೂಟೂತ್ ಇದರಲ್ಲಿ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗೀತಾ ಇರುತ್ತೆ. ವೈಫೈ ತುಂಬಿರೋ ಜಾಗ ಗುರುತಿಸಿ ಅಲ್ಲಿಗೆ ಹೋಗೋದನ್ನ ಬಿಡುತ್ತೆ. ಆದ್ರೆ ನಿಮ್ಮ ರೂಟರ್ 2.4ರಲ್ಲಿ 40 ಮೆಗಾಹರ್ಟ್ಸ್ ಅಗಲ ಇಟ್ಕೊಂಡಿದ್ರೆ ಅರ್ಧ ಪಟ್ಟಿ ಅದೊಂದೇ ತಿಂದುಹಾಕುತ್ತೆ. ಸಂಜೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ಟಿವಿ, ಫೋನ್ ಹಚ್ಚಿದ ಮೇಲೆ ಉಳಿದರ್ಧವೂ ಹೋಗುತ್ತೆ. ಸಂಜೆ ಜಾಸ್ತಿ ಅಂದ್ರಲ್ಲ, ನನ್ನ ಅನುಮಾನ ಇಲ್ಲೇ. ಇನ್ನೊಂದು ವಿಷಯ: ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡ್ ಮೇಲೆ ಇರುತ್ತೆ, ಎಷ್ಟೋ ಸಲ ಆಂಟೆನಾ ಕೂಡ ಒಂದೇ. ವೈಫೈ 2.4ರಲ್ಲಿ ವಿಡಿಯೊ ಎಳೀತಿದ್ರೆ ಬ್ಲೂಟೂತ್ ತನ್ನ ಸರದಿಗೆ ಕಾಯಬೇಕು.

ಸೆಟ್ಟಿಂಗ್ಸ್ > ನೆಟ್‌ವರ್ಕ್ ಅಂಡ್ ಇಂಟರ್ನೆಟ್ > ವೈಫೈ ಒಳಗೆ ನಿಮ್ಮ ನೆಟ್‌ವರ್ಕ್‌ನ ಪ್ರಾಪರ್ಟೀಸ್‌ನಲ್ಲಿ ನೆಟ್‌ವರ್ಕ್ ಬ್ಯಾಂಡ್ ಅಂತ ಒಂದು ಸಾಲಿದೆ. 2.4 ಅಂತಿದ್ರೆ ಇಲ್ಲಿ ಹೇಳಿ.

ಕರೆಂಟ್ ಹೋದಾಗ ಜಾಸ್ತಿ ಆಗೋದಕ್ಕೂ ಬ್ಯಾಟರಿ ಉಳಿತಾಯವೇ ಕಾರಣ ಇರಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಾಪ್ಟರ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಅನ್ನೋ ಸಾಲಿನ ಟಿಕ್ ತೆಗೀರಿ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್ ಇದ್ರೆ ಆನ್ ಬ್ಯಾಟರಿಗೂ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಕೊಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲೇ ಇರಲ್ಲ, ಹುಡುಕ್ತಾ ಕೂರಬೇಡಿ. ಬ್ಯಾಟರಿ ಮೇಲಿದ್ದಾಗ ಪ್ರೊಸೆಸರ್ ವೇಗವೂ ಇಳಿಯುತ್ತೆ. ಹಿನ್ನೆಲೆ ಮಸುಕು ಮಾಡೋದು, ಬೀಚಿನ ಚಿತ್ರ ಹಾಕೋದು ಇದೆಲ್ಲ ಆಗ ಆಫ್ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 90 ದಾಟಿ ನಿಂತಿದ್ರೆ ಯಾವ ಇಯರ್‌ಬಡ್ ಹಾಕಿದ್ರೂ ಮಾತು ರೋಬೊ ಥರಾನೇ ಬರೋದು.

ಹೆಬ್ಬಾಳ್_ನೈಟ್‌ಶಿಫ್ಟ್

ಇಷ್ಟೆಲ್ಲ ಯಾಕೆ ಸಾರ್? ಕಂಟ್ರೋಲ್ ಪ್ಯಾನೆಲ್‌ನ ಡಿವೈಸಸ್ ಅಂಡ್ ಪ್ರಿಂಟರ್ಸ್‌ನಲ್ಲಿ ಇಯರ್‌ಬಡ್ ಪ್ರಾಪರ್ಟೀಸ್, ಸರ್ವೀಸಸ್ ಟ್ಯಾಬ್, ಹ್ಯಾಂಡ್ಸ್‌ಫ್ರೀ ಟೆಲಿಫೋನಿ ಟಿಕ್ ತೆಗೆದು ಅಪ್ಲೈ. ಎಚ್‌ಎಫ್‌ಪಿ ಇಲ್ಲವೇ ಇಲ್ಲ ಅಂದ್ಮೇಲೆ ಮಂಕು ಎಲ್ಲಿಂದ ಬರುತ್ತೆ? ವಿಂಡೋಸ್ 10 ಕಾಲದಿಂದ ನಡೀತಿರೋ ಮದ್ದು ಇದು.

ತರಂಗಾಂತರ

ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ವಿಂಡೋಸ್ 10ರಲ್ಲಿ ನಾನೂ ಅದನ್ನೇ ಹೇಳ್ತೀನಿ, ಅಲ್ಲಿ ಸ್ಟೀರಿಯೊ ಅಂತ ಒಂದು, ಹ್ಯಾಂಡ್ಸ್‌ಫ್ರೀ ಅಂತ ಒಂದು, ಎರಡು ಹೆಸರು ಬೇರೆ ಬೇರೆ ಬರ್ತಿದ್ದವು, ಆಪ್‌ಗಳು ತಪ್ಪಾದ್ದನ್ನೇ ಹಿಡೀತಿದ್ದವು. 11ರಲ್ಲಿ ಎರಡನ್ನೂ ಒಂದೇ ಹೆಸರಿಗೆ ಸೇರಿಸಿದ್ದಾರೆ. ಅಲ್ಲಿ ಮೈಕ್‌ಗೆ ಡೋಂಟ್ ಅಲೋ ಕೊಟ್ಟರೆ ಸಾಕು, ಬೇಕಾದಾಗ ಒಂದೇ ಕ್ಲಿಕ್‌ಗೆ ವಾಪಸ್. ಸರ್ವೀಸ್ ಟಿಕ್ ತೆಗೆದಿದ್ದು ಮರೆತು, ಆಮೇಲೆ ಇಯರ್‌ಬಡ್ ಮೈಕ್ ಸತ್ತೋಯ್ತು ಅಂತ ಸರ್ವೀಸ್ ಸೆಂಟರ್‌ಗೆ ಹೋಗೋರೇ ಜಾಸ್ತಿ. ಪೇರ್ ಬಿಡಿಸಿ ಮತ್ತೆ ಮಾಡಿದ್ರೆ ಟಿಕ್ ವಾಪಸ್ ಬಂದು ಕೂತಿರುತ್ತೆ, ಅದೊಂದು ಬೇರೆ. ಕಂಪನಿ ಲ್ಯಾಪ್‌ಟಾಪ್ ಆದ್ರೆ ಅಡ್ಮಿನ್ ಅನುಮತಿ ಇಲ್ಲದೆ ಅದು ತೆರೆಯದೇ ಇರಬಹುದು. ಆಗ ಆಪ್ ಒಳಗೆ ಮೈಕ್ ಬದಲಿಸೋದೇ ಗತಿ.

ಕುವೆಂಪುನಗರ_ಎಂ_ಬ್ಲಾಕ್

ಎಲ್ಲರಿಗೂ ಥ್ಯಾಂಕ್ಸ್. ಮಂಡ್ಯದ ಹೈದ, ಅಣ್ಣ ಅಲ್ಲ ಅಕ್ಕ.

ಮೈಕ್ ಬದಲಿಸಿದ ಮೇಲೆ ಮಂಕು ಹೋಗಿದೆ, ಕಾಲ್‌ನಲ್ಲೂ ಸ್ಟೀರಿಯೊ ಬರ್ತಿದೆ. ಸ್ಪೀಕರ್ ಪರೀಕ್ಷೆಯಲ್ಲಿ ತಪ್ಪು ಬ್ಲೂಟೂತ್‌ದು ಅಂತ ಗೊತ್ತಾಯ್ತು. ಹಬ್ ದೂರ ಇಟ್ಟರೆ ಕಡಿತ ಕಮ್ಮಿ, ಆದ್ರೆ ಪೂರ್ತಿ ಹೋಗಿಲ್ಲ. ನೆಟ್‌ವರ್ಕ್ ಬ್ಯಾಂಡ್ 2.4 ಅಂತಲೇ ತೋರಿಸ್ತಿದೆ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದೆ, ಈ ರೂಮಿಗೆ ಅದರದ್ದು ಒಂದೇ ಕಡ್ಡಿ.

ಈಗ ಹೊಸ ಕಷ್ಟ: ಲ್ಯಾಪ್‌ಟಾಪ್ ಮೈಕ್‌ನಲ್ಲಿ ಸೀಲಿಂಗ್ ಫ್ಯಾನು, ಕೀಬೋರ್ಡು, ಅಡುಗೆಮನೆ ಮಿಕ್ಸಿ ಎಲ್ಲ ಕೇಳ್ತಿದೆಯಂತೆ. ಜೊತೆಗೆ ನನ್ನ ಮಾತಿನ ಕೊನೆ ಅಕ್ಷರಗಳು ನುಂಗಿಹೋಗ್ತಿವೆ ಅಂತಾರೆ.

ತರಂಗಾಂತರ

ಕೊನೆ ಅಕ್ಷರ ನುಂಗೋದು ಶಬ್ದ ಸೋಸೋ ಕೆಲಸ ಎರಡೆರಡು ಸಲ ಆಗ್ತಿರೋದರಿಂದ. ಲ್ಯಾಪ್‌ಟಾಪ್ ಕಂಪನಿಯ ಆಡಿಯೊ ಆಪ್ ಅಥವಾ ವಿಂಡೋಸ್ ಒಂದು ಸಲ ಸೋಸಿ ಕೊಡುತ್ತೆ, ಟೀಮ್ಸ್ ಅದನ್ನ ಮತ್ತೆ ಸೋಸುತ್ತೆ. ಮೆಲ್ಲಗೆ ಮುಗಿಯೋ ಮಾತು ಎರಡನೇ ಸಲಕ್ಕೆ ಗದ್ದಲ ಅಂತಲೇ ಲೆಕ್ಕ. ಕನ್ನಡದಲ್ಲಿ ಮಾತಾಡೋವಾಗ ಇದು ಜಾಸ್ತಿ ಗೊತ್ತಾಗುತ್ತೆ, ಕ್ರಿಯಾಪದ ವಾಕ್ಯದ ಕೊನೆಗೇ ಬರೋದು ನೋಡಿ. ‘ಮಾಡ್ತೀನಿ’ಯೋ ‘ಮಾಡಲ್ಲ’ವೋ ಅಂತ ಆ ಕಡೆಯವರಿಗೆ ತಿಳಿಯಲ್ಲ. ಎರಡರಲ್ಲಿ ಒಂದನ್ನ ಇಟ್ಕೊಳ್ಳಿ. ಟೀಮ್ಸ್‌ನದ್ದು ಚೆನ್ನಾಗಿದೆ, ಅದನ್ನ ಉಳಿಸಿ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಲ್ಯಾಪ್‌ಟಾಪ್ ಮೈಕ್ ಒತ್ತಿ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಮೀಟ್‌ನಲ್ಲಿ ಈ ಸೌಲಭ್ಯ ಎಲ್ಲ ಖಾತೆಗಳಿಗೂ ಇರಲ್ಲ, ಅಲ್ಲಿ ಇಲ್ಲದಿದ್ರೆ ವಿಂಡೋಸ್‌ನದ್ದನ್ನೇ ಆನ್ ಇಡಿ. ಇನ್‌ಪುಟ್ ವಾಲ್ಯೂಮ್ 100 ಇದ್ರೆ 80ಕ್ಕೆ ಇಳಿಸಿ, ಪರದೆಗೆ ಒಂದೂವರೆ ಅಡಿ ಹತ್ತಿರ ಕೂತು ಮಾತಾಡಿ. ದೂರ ಕೂತು ವಾಲ್ಯೂಮ್ ಏರಿಸಿದ್ರೆ ಮೊದಲು ಕೇಳೋದು ಫ್ಯಾನೇ.

ಇನ್ನೂ ಒಳ್ಳೇದು ಬೇಕು ಅಂದ್ರೆ ಮನೇಲಿ ಡ್ರಾಯರ್‌ನಲ್ಲಿ ಬಿದ್ದಿರೋ ವೈರ್ ಇಯರ್‌ಫೋನ್ ತೆಗೀರಿ, ಮೈಕ್ ಇರೋದು, ಪಿನ್ ಮೇಲೆ ಮೂರು ಕಪ್ಪು ಗೆರೆ ಇರೋದು. ಎರಡು ಗೆರೆ ಇದ್ರೆ ಮೈಕ್ ಇಲ್ಲ ಅಂತ. ಅದನ್ನ ಲ್ಯಾಪ್‌ಟಾಪ್‌ನ 3.5 ಎಂಎಂ ಜ್ಯಾಕ್‌ಗೆ ಹಾಕಿ, ಯಾವ ಸಾಧನ ಅಂತ ಕೇಳಿದ್ರೆ ಹೆಡ್‌ಸೆಟ್ ಅನ್ನಿ, ಹೆಡ್‌ಫೋನ್ ಅಂದ್ರೆ ಮೈಕ್ ಕೆಲಸ ಮಾಡಲ್ಲ. ಕೊರಳಿಗೆ ಹಾಕ್ಕೊಂಡು ಮೈಕ್ ಕಾಲರ್ ಹತ್ರ ಬರೋ ಹಾಗೆ ಸಿಕ್ಕಿಸಿ, ಸರಕ್ಕೂ ಬಟ್ಟೆಗೂ ಉಜ್ಜದ ಹಾಗೆ. ಔಟ್‌ಪುಟ್ ತಾನಾಗೇ ವೈರ್‌ಗೆ ಹೋಗಿರುತ್ತೆ, ವಾಪಸ್ ಇಯರ್‌ಬಡ್‌ಗೆ ತನ್ನಿ. ಬಾಯಿಗೆ ಒಂದು ಗೇಣು ದೂರದ ಸಾದಾ ಮೈಕ್, ಎರಡು ಅಡಿ ದೂರದ ದುಬಾರಿ ಮೈಕ್‌ಗಿಂತ ಮೇಲು. ಟೈಪ್ ಸಿ ಪಿನ್ನಿನ ಇಯರ್‌ಫೋನ್ ಕೊಳ್ಳೋದಾದ್ರೆ ಒಳಗೆ ಡಿಜಿಟಲ್ ಚಿಪ್ ಇರೋದನ್ನ ಕೇಳಿ ತಗೊಳ್ಳಿ, ಬರೀ ಅನಲಾಗ್ ಆದ್ರೆ ಲ್ಯಾಪ್‌ಟಾಪ್ ಅದನ್ನ ಗುರುತಿಸೋದೇ ಇಲ್ಲ. ಅರಸು ರಸ್ತೆ ಕಡೆ ಅಂಗಡಿಗೆ ಹೋಗೋದಾದ್ರೆ ಲ್ಯಾಪ್‌ಟಾಪ್ ಜೊತೆಗೇ ಒಯ್ದು ಅಲ್ಲೇ ಹಾಕಿ ನೋಡಿ.

ವೈಫೈಗೆ ಬರೋಣ. ಎರಡು ಗೋಡೆ ದಾಟಿ 5 ಗಿಗಾಹರ್ಟ್ಸ್ ಬರಲ್ಲ ಅಂದ್ರೆ ಎಲ್ಲಕ್ಕಿಂತ ಗಟ್ಟಿ ದಾರಿ ಲ್ಯಾನ್ ಕೇಬಲ್. ಕ್ಯಾಟ್ 6, ಬಾಗಿಲ ಚೌಕಟ್ಟಿನ ಅಂಚಲ್ಲಿ ಕ್ಲಿಪ್ ಹೊಡೆದುಕೊಂಡು ಬಂದ್ರೆ ಸಾಮಾನ್ಯವಾಗಿ 15 ಮೀಟರ್ ಸಾಕು. ಕೇಬಲ್ ಹಾಕಿದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ವೈಫೈ ಆಫ್ ಮಾಡಲೇಬೇಕು, ಆಗಲೇ ಆಂಟೆನಾ ಪೂರ್ತಿ ಬ್ಲೂಟೂತ್‌ಗೆ ಸಿಗೋದು. ಲ್ಯಾನ್ ಕಂಡಿ ಇಲ್ಲದ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಅಡಾಪ್ಟರ್ ಬೇಕು. ಬಾಲದ ಹಾಗೆ ತುಂಡು ವೈರ್ ಇರೋದನ್ನೇ ತಗೊಳ್ಳಿ, ಲ್ಯಾಪ್‌ಟಾಪ್‌ಗೆ ಅಂಟಿಕೊಂಡು ಕೂರೋದು ಬೇಡ. ಹಬ್ಬಿನ ಕಥೆಯೇ ಅಲ್ಲೂ.

ಕೇಬಲ್ ಆಗಲ್ಲ ಅಂದ್ರೆ ರೂಟರ್ ಪುಟಕ್ಕೆ ಲಾಗಿನ್ ಆಗಿ 2.4ರ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಮಾಡಿ. ಚಾನೆಲ್ ಆಟೋ ಬದಲು 1 ಅಥವಾ 11, ಪಕ್ಕದ ಮನೆಗಳದ್ದು ಯಾವುದರಲ್ಲಿ ಕಮ್ಮಿ ಇದೆಯೋ ಅದು. ಅಂಚಿನ ಚಾನೆಲ್ ಯಾಕೆ ಅಂದ್ರೆ ಇನ್ನೊಂದು ತುದಿ ಪೂರ್ತಿ ಬ್ಲೂಟೂತ್‌ಗೆ ಒಟ್ಟಿಗೆ ಸಿಗುತ್ತೆ. ನಡುವಿನ 6ರಲ್ಲಿಟ್ಟರೆ ಉಳಿದದ್ದು ಎರಡು ತುಂಡು. ರೂಟರ್ ಟಿವಿ ಹಿಂದೆ ಅಡಗಿದ್ರೆ ಆಚೆ ತೆಗೆದು ಬಾಗಿಲ ನೇರಕ್ಕೆ, ಎದೆ ಎತ್ತರಕ್ಕೆ ಇಡಿ. ಅಷ್ಟರಿಂದಲೇ 5ರ ಕಡ್ಡಿ ಎರಡಾದರೂ ಆಗಬಹುದು, ಎರಡು ಕಡ್ಡಿ ಕಾಲ್‌ಗೆ ಸಾಕು. ಆಗ ಎರಡೂ ಬ್ಯಾಂಡ್‌ಗೆ ಬೇರೆ ಬೇರೆ ಹೆಸರು ಕೊಟ್ಟು 5ರದ್ದಕ್ಕೇ ಸೇರಿ, ಒಂದೇ ಹೆಸರಿದ್ರೆ ಲ್ಯಾಪ್‌ಟಾಪ್ ಮೆಲ್ಲಗೆ 2.4ಕ್ಕೆ ಜಾರಿಕೊಂಡು ಹೋಗುತ್ತೆ.

ಮಂಡ್ಯ_ಹೈದ

ತಪ್ಪಾಯ್ತು ಅಕ್ಕ.

ಫೋನಿನ ಹಾಟ್‌ಸ್ಪಾಟ್ ಮ್ಯಾಲೆ ಕೆಲಸ ಮಾಡೋರ್ಗೂ ಇದೇ ಅನ್ವಯ್ಸ್ತದೆ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 5 ಗಿಗಾಹರ್ಟ್ಸ್ ಮಾಡ್ಬುಡಿ, ಇಲ್ಲಾಂದ್ರೆ ಯುಎಸ್‌ಬಿ ಕೇಬಲ್ ಹಾಕಿ ಟೆದರಿಂಗ್ ಮಾಡಿ. ಎರಡನೇದೇ ವಾಸಿ, ಫೋನ್ ಚಾರ್ಜೂ ಇಳಿಯಕ್ಕಿಲ್ಲ.

ಬ್ಲೂಟೂತ್ ಡಾಂಗಲ್ (ಯುಎಸ್‌ಬಿಗೆ ಸಿಕ್ಸೋ ಪುಟ್ಟ ಬ್ಲೂಟೂತ್ ಸಾಧನ) ಹಾಕೋದಾದ್ರೆ ಒಳಗಿರೋ ಬ್ಲೂಟೂತ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿ. ವಿಂಡೋಸ್‌ಗೆ ಏಕಕಾಲಕ್ಕೆ ಒಂದೇ ಬ್ಲೂಟೂತ್ ರೇಡಿಯೊ. ಎರಡೂ ಬುಟ್ರೆ ಕಿತ್ತಾಡ್ತವೆ. ಡಾಂಗಲ್‌ನ ಅರ್ಧ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಮೇಜಿನ ಮ್ಯಾಕ್ಕೆ ತನ್ನಿ, ಕಿವಿಗೂ ಅದಕ್ಕೂ ನಡುವೆ ಏನೂ ಅಡ್ಡ ಇರ್ಬಾರ್ದು. 2.4ರ ಅಲೆನ ಮೈಯಲ್ಲಿರೋ ನೀರು ಹೀರ್ಕತದೆ.

ಪೆಂಗ್ವಿನ್_ಶ್ರೀರಂಗಪಟ್ಟಣ

ಉಬುಂಟುನಲ್ಲಿ ಇದೇ ತೊಂದರೆ ಇರೋರಿಗೆ ಚಿಕ್ಕದಾಗಿ: ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್ ಹಾಕ್ಕೊಂಡು ಕಾನ್ಫಿಗರೇಶನ್ ಟ್ಯಾಬ್‌ನಲ್ಲಿ ಪ್ರೊಫೈಲ್ ನೀವೇ ಆರಿಸಬಹುದು, ಎ2ಡಿಪಿಯೋ, ಹೆಡ್‌ಸೆಟ್ಟೋ, ಹೆಡ್‌ಸೆಟ್‌ನಲ್ಲಿ ಎಂಎಸ್‌ಬಿಸಿಯೋ ಸಿವಿಎಸ್‌ಡಿಯೋ ಎಲ್ಲ ಕಣ್ಣಿಗೆ ಕಾಣುತ್ತೆ. ಈ ವಿಷಯದಲ್ಲಿ ವಿಂಡೋಸ್‌ಗಿಂತ ಲಿನಕ್ಸ್ ನೆಟ್ಟಗೆ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ > ಸೌಂಡ್ > ಇನ್‌ಪುಟ್‌ನಲ್ಲಿ ಮ್ಯಾಕ್‌ಬುಕ್ ಮೈಕ್ ಆರಿಸಿದ್ರೆ ಮುಗೀತು.

ಎಲ್‌ಇ ಆಡಿಯೊ, ಅಂದ್ರೆ ಬ್ಲೂಟೂತ್‌ನ ಹೊಸ ಆಡಿಯೊ ಪದ್ಧತಿ ಬಗ್ಗೆ ಯಾರೂ ಹೇಳಲಿಲ್ಲ. ಮೈಕ್ ಮತ್ತು ಸ್ಟೀರಿಯೊ ಎರಡೂ ಒಟ್ಟಿಗೆ ಸಿಗೋದು ಅದರಲ್ಲಿ ತಾನೆ?

ತರಂಗಾಂತರ

ಹೌದು, ಮುಂದೆ ಅದೇ ದಾರಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಎಲ್‌ಇ ಆಡಿಯೊ ಇಯರ್‌ಬಡ್‌ನಲ್ಲಿ ಮೈಕ್ ತೆರೆದಿದ್ರೂ 32 ಕಿಲೋಹರ್ಟ್ಸ್ ಸ್ಟೀರಿಯೊ ಸಿಗುತ್ತೆ. ಆದ್ರೆ ಇಯರ್‌ಬಡ್, ಲ್ಯಾಪ್‌ಟಾಪ್‌ನ ಬ್ಲೂಟೂತ್, ಅದರ ಡ್ರೈವರ್, ಆಡಿಯೊ ಡ್ರೈವರ್ ಎಲ್ಲಕ್ಕೂ ಅದು ಬರಬೇಕು. ಡಬ್ಬದ ಮೇಲೆ 5.3 ಅಂತಿದ್ರೆ ಇದೆ ಅಂತ ಅರ್ಥ ಅಲ್ಲ. ಎಲ್‌ಇ ಆಡಿಯೊ ಕೊಡಲೇಬೇಕು ಅಂತ ಆ ಆವೃತ್ತಿಯಲ್ಲಿ ಕಡ್ಡಾಯ ಇಲ್ಲ. ಸೆಟ್ಟಿಂಗ್ಸ್ > ಬ್ಲೂಟೂತ್ ಅಂಡ್ ಡಿವೈಸಸ್ > ಡಿವೈಸಸ್ ಒಳಗೆ ಕೆಳಗೆ ಜಾರಿಸಿ, ಯೂಸ್ ಎಲ್‌ಇ ಆಡಿಯೊ ವೆನ್ ಅವೈಲಬಲ್ ಅನ್ನೋ ಗುಂಡಿ ಇದೆಯಾ ನೋಡಿ. ಇಲ್ಲ ಅಂದ್ರೆ ಲ್ಯಾಪ್‌ಟಾಪ್‌ಗೆ ಬರಲ್ಲ, ಎಷ್ಟು ದುಬಾರಿ ಇಯರ್‌ಬಡ್ ತಂದರೂ ಮೈಕ್ ತೆರೆದಾಗ ಮಂಕೇ.

ವಿಜಯನಗರ_2ನೇ_ಹಂತ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನಗೆ ಮೀಟಿಂಗ್‌ನಲ್ಲಿ ಬಲಗಿವಿಯಲ್ಲಿ ಮಾತ್ರ ಕೇಳುತ್ತೆ. ಹಾಡಿಗೆ ಎರಡರಲ್ಲೂ ಬರುತ್ತೆ, ಆದ್ರೆ ಎಡಗಡೆ ಸಣ್ಣಗೆ.

ಮಂಡ್ಯ_ಹೈದ

ಅವು ಎರಡು ತೊಂದ್ರೆ. ಕಾಲ್‌ನಲ್ಲಿ ಒಂದೇ ಕಿವಿ ಅನ್ನೋದು ಹಳೇ ಮಾಡೆಲ್‌ಗಳಲ್ಲಿ ಇರೋದೇ, ಕರೆ ಬಂದ್ರೆ ಮುಖ್ಯ ಬಡ್‌ನಲ್ಲಿ ಮಾತ್ರ ಕೇಳೋ ಹಂಗೆ ಮಾಡಿರ್ತಾರೆ. ಮೇಲೆ ಹೇಳಿರೋ ಹಂಗೆ ಮೈಕ್ ಬದ್ಲಾಯ್ಸಿ, ಎರಡ್ರಲ್ಲೂ ಬತ್ತದೆ.

ಎಡಗಡೆ ಸಣ್ಣಗೆ ಅನ್ನೋದು ಮುಕ್ಕಾಲು ಪಾಲು ಕಿವಿ ಗುಗ್ಗೆ. ರಬ್ಬರ್ ತುದಿ ಕಿತ್ತು ಜಾಲರಿ ನೋಡಿ. ಬಡ್ಡನ್ನ ಜಾಲರಿ ಕೆಳಗೆ ಮಾಡಿ ಹಿಡ್ಕಂಡು ಒಣಗಿದ ಮೆತ್ತನೆ ಹಲ್ಲುಜ್ಜೋ ಬ್ರಷ್‌ನಲ್ಲಿ ಮೆಲ್ಲಗೆ ಗುಡ್ಸಿ, ಕಸ ಕೆಳಕ್ಕೆ ಬೀಳ್ಬೇಕು. ಸೂಜಿ, ಪಿನ್ನು ತೂರಿಸ್ಬೇಡಿ, ಜಾಲರಿ ಹರಿದ್ರೆ ಮುಗೀತು. ಸ್ಪಿರಿಟ್‌ನ ಜಾಲರಿಗೆ ಹಾಕ್ಬೇಡಿ, ರಬ್ಬರ್ ತುದೀನ ಸೋಪ್ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕ್ಕಳಿ.

ಆದ್ರೂ ಸಣ್ಣಗೇ ಇದ್ರೆ ಸೌಂಡ್ ಸೆಟ್ಟಿಂಗ್‌ನಲ್ಲಿ ಇಯರ್‌ಬಡ್ ಒತ್ತಿ ಎಡ ಬಲ ವಾಲ್ಯೂಮ್ ಎರಡೂ ಒಂದೇ ಐತಾ ನೋಡಿ. ಡಬ್ಬೀಲಿ ಎಡಗಡೆ ಕುಳಿಯ ಚಿನ್ನದ ಬಣ್ಣದ ಪಿನ್ನೂ ಒರೆಸಿ. ಅದು ಕೊಳೆಯಾಗಿ ಎಡಗಡೆದು ಚಾರ್ಜೇ ಆಗ್ದೆ ಇರ್ಬೋದು, ಡಬ್ಬಿ ದೀಪ ಮಾತ್ರ ಉರೀತಾ ಇರ್ತದೆ.